ಪಂಪ್ ಬಿಚ್ಚೋಕೆ ಮುಂಚೆ ಫಿಲ್ಟರ್ ನೀರು ಬಿಟ್ಟು ನೋಡಿ

ಈ ಸಲ ಬೆಳೆ ವಿಷಯ ಅಲ್ಲ, ಬೆಳೆ ಹೊರೋ ಗಾಡಿ ವಿಷಯ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಓದಿ.

ನಮ್ಮ ಕೋಲಾರ ಸೀಮೇಲಿ ಹದಿನೈದು ಇಪ್ಪತ್ತು ವರ್ಷದ ಹಳೇ ಡೀಸೆಲ್ ಪಿಕಪ್ ಇಲ್ಲದ ಊರು ಹುಡುಕಿದ್ರೂ ಸಿಗಲ್ಲ. 15 ಕೆಜಿಯ 80 ಬಾಕ್ಸ್ ಟೊಮ್ಯಾಟೊ ಹಾಕಿದ್ರೆ 1200 ಕೆಜಿ ಮಾಲು. ಹರಾಜಿನ ಹೊತ್ತಿಗೆ ಮಂಡಿ ಮುಟ್ಟಬೇಕು. ಆ ಹೊತ್ತಲ್ಲಿ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಮಗೆ ಕೈ ಕಾಲು ಆಡಲ್ಲ. ಮೆಕ್ಯಾನಿಕ್ ಹೇಳಿದ್ದೇ ವೇದವಾಕ್ಯ. ಅವರ ಬಾಯಲ್ಲಿ ಬರೋ ಮೊದಲ ಮಾತು, "ಪಂಪ್ ಹೋಗಿದೆ ಅಣ್ಣ, ಬಿಚ್ಚಿ ಕಳಿಸ್ಬೇಕು."

ನನ್ನ ತಕರಾರು ಈ ಮಾತಿನ ಮೇಲೆ. ಪಂಪ್ ಹೋಗೋದೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಕೊನೆಗೆ ಮುಟ್ಟಬೇಕಾದ್ದನ್ನ ಮೊದಲು ಮುಟ್ಟೋದು ತಪ್ಪು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ. ಪಕ್ಕದ ಊರಿನ ನಮ್ಮವರೊಬ್ಬರ ಗಾಡಿದು ಹೀಗೇ ಆಯ್ತು. ಪಂಪ್ ಬಿಚ್ಚಿದ್ರು, ನಾಲ್ಕು ನಾಝಲ್ ಹಾಕಿದ್ರು, ನಾಲ್ಕು ದಿನ ಗಾಡಿ ನಿಂತಿತ್ತು, ಹದಿನೆಂಟು ಸಾವಿರ ಬಿಲ್ಲು. ಹತ್ತು ದಿನಕ್ಕೆ ಮತ್ತೆ ಅದೇ ರೋಗ. ಕೊನೆಗೆ ನೋಡಿದ್ರೆ ಟ್ಯಾಂಕಿನ ಹತ್ರ ಒಂದು ಗೇಣು ರಬ್ಬರ್ ಪೈಪು ಸೀಳಿತ್ತು. ಪೈಪು ಬದಲಾಯಿಸಿದ್ದಕ್ಕೆ ಖರ್ಚಾಗಿದ್ದು ನೂರು ರೂಪಾಯಿ ಒಳಗೆ.

ಮೊದಲು ಒಂದು ವಿಷಯ ತಲೇಲಿ ಇರಲಿ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿನ ಬಿಗಿಯಾಗಿ ಅದುಮಿದಾಗ ಅದು ಕಾದು ಕೆಂಡ ಆಗುತ್ತೆ, ಅದರೊಳಕ್ಕೆ ಡೀಸೆಲ್ ಸಣ್ಣ ಹನಿಯಾಗಿ ಬಿದ್ರೆ ತಾನೇ ಹೊತ್ತಿಕೊಳ್ಳುತ್ತೆ. ಅಂದ್ರೆ ಬೇಕಾಗಿರೋದು ಮೂರೇ: ಜೋರಾಗಿ ತಿರುಗೋದು, ಗಾಳಿ ಬೆರೆಯದ ಶುದ್ಧ ಡೀಸೆಲ್, ಸರಿಯಾದ ಕಂಪ್ರೆಷನ್. ಇದನ್ನ ಒಂದೊಂದಾಗಿ ನೋಡ್ಕೊಂಡು ಹೋದ್ರೆ ಅರ್ಧ ಗಂಟೇಲಿ ರೋಗ ಎಲ್ಲಿದೆ ಅಂತ ಗೊತ್ತಾಗುತ್ತೆ. ನಾನು ಹೇಳ್ತಿರೋದು ಹಳೇ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೈಲ್ ಇಂಜಿನ್ ಇರೋರು ಇಂಜಿನ್ ಮೇಲಿನ ಡೀಸೆಲ್ ಪೈಪಿನ ನಟ್ಟು ಮುಟ್ಟಲೇಬೇಡಿ. ಅದರ ಒತ್ತಡ ಸಾವಿರ ಬಾರ್ ದಾಟಿರುತ್ತೆ, ಚರ್ಮ ತೂರಿ ಒಳಗೆ ಹೋಗುತ್ತೆ.

ಮೊದಲನೇದು ಸೆಲ್ಫ್. ಕೀ ತಿರುಗಿಸಿದಾಗ ಬರೀ ಟಕ್ ಟಕ್ ಅಂದ್ರೆ ಪಂಪಿಗೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಳಿ ಬೂಷ್ಟು ಬಿಸಿನೀರಲ್ಲಿ ತೊಳೆದು, ಎಮರಿ ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ. ಇಂಜಿನ್ನಿಂದ ಚಾಸಿಗೆ ಹೋಗೋ ಅರ್ಥ್ ಪಟ್ಟಿನೂ ನೋಡಿ, ಅದನ್ನ ಯಾರೂ ನೋಡಲ್ಲ. ಮೀಟರ್ ಇದ್ರೆ ಇನ್ನೂ ಸುಲಭ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಅಂದ್ರೆ ಅರ್ಧ ಖಾಲಿ. ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗೆ ಬಿದ್ರೆ ಒಂದೋ ಬ್ಯಾಟರಿ ಸೋತಿದೆ, ಇಲ್ಲ ಸೆಲ್ಫ್ ಜಾಸ್ತಿ ಕರೆಂಟ್ ಎಳೀತಿದೆ. ನಿಧಾನಕ್ಕೆ ತಿರುಗಿದ್ರೆ ಗಾಳಿ ಸಾಕಷ್ಟು ಕಾಯಲ್ಲ, ಎಷ್ಟು ಒಳ್ಳೇ ಪಂಪ್ ಇದ್ರೂ ಹೊತ್ತಲ್ಲ.

ಎರಡನೇದು ಹೊಗೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ, ಇನ್ನೊಬ್ಬರು ಸೈಲೆನ್ಸರ್ ನೋಡಿ. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ ಒಳಗೆ ಹೋಗ್ತಿಲ್ಲ. ಬಿಳಿ ಹೊಗೆ ಬಂದ್ರೆ ಡೀಸೆಲ್ ಹೋಗ್ತಿದೆ, ಹೊತ್ತಿಕೊಳ್ತಿಲ್ಲ. ಆಗ ನೋಡಬೇಕಾಗಿರೋದು ಹೀಟರ್ ಪ್ಲಗ್ಗು, ಟೈಮಿಂಗು, ಕಂಪ್ರೆಷನ್ನು. ಇದಕ್ಕೆ ಯಾವ ಸ್ಕ್ಯಾನರೂ ಬೇಡ, ಎರಡು ಕಣ್ಣು ಸಾಕು.

ಮೂರನೇದು ಕರೆಂಟ್. ಸುಮಾರು ಹಳೇ ಗಾಡೀಲಿ ಪಂಪಿನ ಮೇಲೆ ಒಂದು ಸೊಲೆನಾಯ್ಡ್ ಇರುತ್ತೆ. ಕೀ ಆನ್ ಮಾಡಿದ್ರೆ ಟಿಕ್ ಅಂತ ಡೀಸೆಲ್ ದಾರಿ ಬಿಡುತ್ತೆ. ಆ ವೈರಿಗೆ 12 ವೋಲ್ಟ್ ಬಲ್ಬ್ ಹಿಡಿದು ನೋಡಿ. ಬಲ್ಬ್ ಹತ್ತಲಿಲ್ಲ ಅಂದ್ರೆ ಫ್ಯೂಸು, ವೈರು, ಇಲ್ಲ ಕೀ ಸ್ವಿಚ್ಚು ಹೋಗಿದೆ. ಸೆಲ್ಫ್ ಹೊಡೆಯೋವಾಗ ಸ್ಟಾರ್ಟ್ ಆಗಿ, ಕೀ ಬಿಟ್ಟ ತಕ್ಷಣ ನಿಂತುಹೋದ್ರೆ ಬಹುಪಾಲು ಕೀ ಸ್ವಿಚ್ಚೇ ಸವೆದಿರುತ್ತೆ. ಕೆಲವು ಗಾಡೀಲಿ ಸೊಲೆನಾಯ್ಡ್ ಬದಲು ಎಳೆಯೋ ಕೇಬಲ್ ಇರುತ್ತೆ. ಅದು ಅರ್ಧದಲ್ಲಿ ಸಿಕ್ಕಿಕೊಂಡ್ರೂ ಇದೇ ಕಥೆ.

ನಾಲ್ಕನೇದು ಡೀಸೆಲ್. ಮುಳ್ಳು ನಂಬಬೇಡಿ, ಟ್ಯಾಂಕಲ್ಲಿ ಕಡ್ಡಿ ಹಾಕಿ ನೋಡಿ. ಆಮೇಲೆ ಫಿಲ್ಟರ್ ತಳದ ಸ್ಕ್ರೂ ಸಡಿಲ ಮಾಡಿ ಗಾಜಿನ ಬಾಟ್ಲಿಗೆ ಸ್ವಲ್ಪ ಬಿಡಿ. ಐದು ನಿಮಿಷ ಅಲ್ಲಾಡಿಸದೆ ಇಟ್ರೆ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತೆ. ನೀರು ಕಂಡ್ರೆ ಫಿಲ್ಟರ್ ಬದಲಾಯಿಸಿ, ಟ್ಯಾಂಕ್ ತಳದಿಂದಲೂ ನೀರು ತೆಗೀರಿ. ಆಮೇಲೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಹ್ಯಾಂಡ್ ಪಂಪ್ ಒತ್ತಿ, ಗುಳ್ಳೆ ನಿಲ್ಲೋ ತನಕ ಏರ್ ತೆಗೀರಿ. ಏರ್ ತೆಗೆದ ಮೇಲೆ ಗಾಡಿ ಓಡಿ, ಮರುದಿನ ಮತ್ತೆ ಏರ್ ಹಿಡಿದ್ರೆ ಎಲ್ಲೋ ಗಾಳಿ ಎಳೀತಿದೆ ಅಂತ ಅರ್ಥ. ಇಲ್ಲಿ ಒಂದು ಗುಟ್ಟಿದೆ. ಟ್ಯಾಂಕಿಂದ ಪಂಪ್ ತನಕ ಪೈಪಲ್ಲಿ ಇರೋದು ಎಳೆತ, ಒತ್ತಡ ಅಲ್ಲ. ಅದಕ್ಕೇ ಪೈಪ್ ಸೀಳಿದ್ರೂ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ. "ಎಲ್ಲೂ ಲೀಕ್ ಇಲ್ಲವಲ್ಲ" ಅನ್ನೋರು ಇದನ್ನ ಮರೀತಾರೆ. ಸ್ವಲ್ಪ ದೂರ ಓಡಿ ನಿಲ್ಲೋ ಗಾಡಿ ಆದ್ರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಉಸ್ಸ್ ಅಂತ ಗಾಳಿ ಎಳೆದುಕೊಂಡ್ರೆ ಮುಚ್ಚಳದ ಉಸಿರು ತೂತು ಕಟ್ಟಿದೆ.

ಇಷ್ಟಾದ ಮೇಲೆ ಕೊನೇ ಪರೀಕ್ಷೆ. ಐದು ಲೀಟರ್ ಕ್ಯಾನಲ್ಲಿ ಶುದ್ಧ ಡೀಸೆಲ್ ಹಾಕಿ, ಇಂಜಿನ್‌ಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಪಾರದರ್ಶಕ ಪೈಪಲ್ಲಿ ನೇರ ಪಂಪಿಗೆ ಕೊಡಿ. ವಾಪಸ್ ಬರೋ ಡೀಸೆಲ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಗಾಡಿ ಚೆನ್ನಾಗಿ ಓಡಿದ್ರೆ ಪಂಪು, ನಾಝಲ್ಲು ಎರಡೂ ನಿರಪರಾಧಿ, ರೋಗ ಟ್ಯಾಂಕಿಂದ ಫಿಲ್ಟರ್ ತನಕದ ದಾರೀಲಿದೆ. ಬ್ಯಾಟರಿ, ಸೊಲೆನಾಯ್ಡ್, ಹೀಟರ್ ಎಲ್ಲಾ ಸರಿ ಇದ್ದು, ಕ್ಯಾನ್ ಕಟ್ಟಿದ್ರೂ ಓಡಲಿಲ್ಲ ಅಂದ್ರೆ ಮಾತ್ರ ಪಂಪಿನ ಮಾತು ಎತ್ತಲಿ. ಆಗಲೂ ನಾಝಲ್ ಬಿಚ್ಚಿದ್ರೆ ಟೆಸ್ಟರ್ ಮೇಲೆ ನಿಮ್ಮ ಕಣ್ಣೆದುರೇ ಸಿಡಿಸಿ ತೋರಿಸೋಕೆ ಹೇಳಿ. ಹಳೇ ಸಾಮಾನು ವಾಪಸ್ ಕೇಳಿ ಇಸ್ಕೊಳ್ಳಿ. ನಾಚಿಕೆ ಬೇಡ.

ಈಗ ವಾಟ್ಸಾಪ್ ಪಂಡಿತರಿಗೆ ಎರಡು ಮಾತು. "ಎಥನಾಲ್ ಬೆರೆಸಿದ್ದಕ್ಕೇ ನಮ್ಮ ಪಿಕಪ್ ಕೆಟ್ಟಿದ್ದು" ಅಂತ ಹಾಕ್ತಾರೆ. ಸ್ವಾಮಿ, 20 ಪರ್ಸೆಂಟ್ ಎಥನಾಲ್ ಬೆರೆಸೋದು ಪೆಟ್ರೋಲ್‌ಗೆ, ನಿಮ್ಮ ಗಾಡಿ ಕುಡಿಯೋದು ಡೀಸೆಲ್. ಇನ್ನೊಬ್ಬರು "ಚಳಿಗೆ ಸ್ವಲ್ಪ ಪೆಟ್ರೋಲ್ ಬೆರೆಸಿ" ಅಂತಾರೆ. ರೋಟರಿ ಪಂಪಿನ ಒಳಗೆ ತಿರುಗೋ ಭಾಗಕ್ಕೆ ಡೀಸೆಲ್ಲೇ ಎಣ್ಣೆ. ಪೆಟ್ರೋಲಿಗೆ ಆ ಜಿಡ್ಡು ಇಲ್ಲ. ಸರಿ ಇರೋ ಪಂಪನ್ನ ಕೈಯಾರೆ ಕೊಂದ ಹಾಗೆ ಆಗುತ್ತೆ. ಏರ್ ಫಿಲ್ಟರ್ ಒಳಗೆ ಪೆಟ್ರೋಲ್ ಬಟ್ಟೆ ಹಿಡಿಯೋದು, ಸ್ಪ್ರೇ ಹೊಡೆಯೋದು ಇನ್ನೂ ಅಪಾಯ. ಹೀಟರ್ ಕಾದಿದ್ರೆ ಹೊತ್ತಬಾರದ ಜಾಗದಲ್ಲಿ ಹೊತ್ತಿಕೊಳ್ಳುತ್ತೆ.

ಮೆಕ್ಯಾನಿಕ್‌ಗಳನ್ನ ಬರೀ ಬೈಯೋದೂ ನ್ಯಾಯ ಅಲ್ಲ. ಅವರ ಕಡೆಯಿಂದಲೂ ನೋಡಿ. ಒಬ್ಬ ಹುಡುಗ ಒಂದು ಗಂಟೆ ಗಾಡಿ ಕೆಳಗೆ ಮಲಗಿ, ಬೂಷ್ಟು ಹಿಡಿದ ಟರ್ಮಿನಲ್ ಕಂಡುಹಿಡಿದು ಸರಿ ಮಾಡಿ ಐನೂರು ಕೇಳಿದ್ರೆ ನಮ್ಮವರು ಏನಂತಾರೆ? "ಏನಪ್ಪಾ, ಒಂದು ನಟ್ಟು ಬಿಗಿ ಮಾಡಿದ್ದಕ್ಕೆ ಐನೂರಾ?" ಅದೇ ಹೊಸ ಸಾಮಾನು ಹಾಕಿ ಐದು ಸಾವಿರ ಅಂದ್ರೆ ಬಾಯಿ ಮುಚ್ಚಿಕೊಂಡು ಎಣಿಸ್ತಾರೆ. ನೋಡಿ ಹೇಳೋ ಕೆಲಸಕ್ಕೆ ಕೂಲಿ ಇಲ್ಲ, ಸಾಮಾನು ಬದಲಾಯಿಸಿದ್ರೆ ದುಡ್ಡು ಅಂತ ಆದ ಮೇಲೆ ಅವನು ಸಾಮಾನು ಬದಲಾಯಿಸದೆ ಇನ್ನೇನು ಮಾಡ್ತಾನೆ? ಬುದ್ಧಿಗೆ ಕೂಲಿ ಕೊಡದ ಊರಲ್ಲಿ ಬುದ್ಧಿ ಉಪಯೋಗಿಸೋ ಮೆಕ್ಯಾನಿಕ್ ಉಳಿಯಲ್ಲ. ಮೊದಲೇ ಹೇಳಿ, "ಏನೂ ಬಿಚ್ಚಬೇಡ, ರೋಗ ಯಾವುದು ಅಂತ ತೋರಿಸು, ಅದಕ್ಕೆ ಬೇರೆ ಕೂಲಿ ಕೊಡ್ತೀನಿ." ಈ ಒಂದು ಮಾತಿಗೆ ಎಷ್ಟೋ ಪಂಪ್ ಬಚಾವ್ ಆಗುತ್ತೆ.

ಇನ್ನೊಂದು, ನೀರು ಡೀಸೆಲ್‌ಗೆ ಬರೋದು ಬಂಕಿಂದ ಮಾತ್ರ ಅಲ್ಲ. ಬೋರ್‌ವೆಲ್ ಶೆಡ್ಡಲ್ಲಿ ಮುಚ್ಚಳ ಇಲ್ಲದ ಕ್ಯಾನು, ಔಷಧಿ ಅಳೆದ ಲಾಳಿಕೆ, ವಾರಗಟ್ಟಲೆ ಕಾಲು ಟ್ಯಾಂಕಲ್ಲಿ ನಿಂತ ಗಾಡಿ, ಇವೆಲ್ಲಾ ನೀರು, ಕಸದ ದಾರಿಗಳೇ. ಖಾಲಿ ಟ್ಯಾಂಕ್ ಒಳಗೆ ರಾತ್ರಿ ತಂಪಿಗೆ ತೇವ ಇಳಿಯುತ್ತೆ. ಕ್ಯಾನಿಂದ ಹಾಕೋವಾಗ ದಪ್ಪ ಬಟ್ಟೆಯಲ್ಲಿ ಸೋಸಿ, ತಳದ ಎರಡು ಬೆರಳು ಡೀಸೆಲ್ ಗಾಡಿಗೆ ಹಾಕಬೇಡಿ.

ಗಾಡೀಲಿ ಇಟ್ಟುಕೊಳ್ಳಬೇಕಾಗಿರೋದು ಇಷ್ಟೇ: ವೈರ್ ಕಟ್ಟಿದ ಒಂದು 12 ವೋಲ್ಟ್ ಬಲ್ಬ್, ಸ್ಪ್ಯಾನರ್ ಸೆಟ್ಟು, ಎಮರಿ ಕಾಗದ, ಎರಡು ಮೀಟರ್ ಪಾರದರ್ಶಕ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಒಂದು ಗಾಜಿನ ಬಾಟ್ಲಿ, ಒಂದು ಹೊಸ ಫಿಲ್ಟರ್. ಎಲ್ಲಾ ಸೇರಿ ಒಂದು ಸಲದ ಪಂಪ್ ಕೆಲಸಕ್ಕಿಂತ ಎಷ್ಟೋ ಕಡಿಮೆ ಖರ್ಚು. ಟೊಮ್ಯಾಟೊ ರೇಟು ನಮ್ಮ ಕೈಲಿಲ್ಲ, ಡೀಸೆಲ್ ರೇಟೂ ನಮ್ಮ ಕೈಲಿಲ್ಲ. ಫಿಲ್ಟರ್ ತಳದ ಸ್ಕ್ರೂ ಆದ್ರೂ ನಮ್ಮ ಕೈಲಿ ಇರಲಿ.