ಸಿರಿಮನೆಯ ಒಂದೇ ಫೋಟೊ

ಸಿರಿಮನೆ ಜಲಪಾತದ ಫೋಟೊ ನೋಡದವರು ಈಗ ಯಾರೂ ಇರಲಿಕ್ಕಿಲ್ಲ. ಶೃಂಗೇರಿಯಿಂದ ಕಿಗ್ಗದ ದಾರಿ ಹಿಡಿದು ಒಮ್ಮೆಯೂ ಬಾರದವರ ಮೊಬೈಲಿನಲ್ಲೂ ಅದು ಇದೆ. ನೀರು ಹಾಲು ಸುರಿದ ಹಾಗೆ ನುಣ್ಣಗೆ ಇಳಿಯುತ್ತಿರುತ್ತದೆ. ಸುತ್ತಲಿನ ಹಸಿರು ಕಣ್ಣು ಕುಕ್ಕುವಷ್ಟು. ಕೆಳಗಡೆ ಮೂಲೆಯಲ್ಲಿ ತೆಗೆದವರ ಹೆಸರು ಓರೆ ಅಕ್ಷರದಲ್ಲಿ. ಆ ಹೆಸರೊಂದನ್ನು ಅಳಿಸಿಬಿಟ್ಟರೆ ಯಾವುದು ಯಾರದ್ದು ಎಂದು ತೆಗೆದವರಿಗೇ ಗುರುತು ಸಿಕ್ಕಲಿಕ್ಕಿಲ್ಲ.

ಈ ಹಾಲಿನ ಗುಟ್ಟು ದೊಡ್ಡದೇನಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗದಂತೆ ಕೂರಿಸಿ, ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಶಟರನ್ನು ಒಂದು ಸೆಕೆಂಡ್ ತೆರೆದಿಟ್ಟರೆ ಆಯಿತು. ಆ ಸೆಕೆಂಡಿನಲ್ಲಿ ಬಿದ್ದ ಹನಿಗಳೆಲ್ಲ ಒಂದರ ಮೇಲೊಂದು ಗೀಟೆಳೆದುಕೊಂಡು ನುಣುಪಾಗುತ್ತವೆ. ಅದೇ ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಳಿಸಿದರೆ ಹನಿ ಹನಿಯೂ ಬೇರೆ ಬೇರೆ ಕಾಣುತ್ತದೆ. ಈಗಿನ ಫೋನುಗಳು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ತಾವೇ ಬೆರೆಸಿ ಈ ಹಾಲನ್ನು ಕೊಡುತ್ತವೆ. ಕಲಿಸುವ ವಿಡಿಯೊಗಳು ಕನ್ನಡದಲ್ಲೇ ಬೇಕಾದಷ್ಟಿವೆ, ಹತ್ತು ನಿಮಿಷದ ಕೆಲಸ.

ನನ್ನ ತಕರಾರು ಆ ಹತ್ತು ನಿಮಿಷದ ಮೇಲಲ್ಲ. ಹನ್ನೊಂದನೇ ನಿಮಿಷದ ಪಾಠ ಎಲ್ಲೂ ಇಲ್ಲವಲ್ಲ ಎಂಬುದರ ಮೇಲೆ. ಈ ದಿನದ ನೀರಿಗೆ ಯಾವ ಶಟರ್ ಎಂದು ಕೇಳಿಕೊಳ್ಳುವವರು ಕಡಿಮೆ. ಆಷಾಢದಲ್ಲಿ ಸಿರಿಮನೆ ಬಂಡೆಗೆ ಅಪ್ಪಳಿಸುವ ರಭಸಕ್ಕೆ ಪಕ್ಕದವರ ಮಾತೂ ಕೇಳುವುದಿಲ್ಲ. ಅದನ್ನು ಒಂದು ಸೆಕೆಂಡಿಗೆ ತೆಗೆದರೆ ಸದ್ದೆಲ್ಲ ಅಳಿಸಿಹೋಗಿ ಸೌಮ್ಯವಾದೊಂದು ಕ್ಯಾಲೆಂಡರ್ ಉಳಿಯುತ್ತದೆ. ಬೇಸಿಗೆಯಲ್ಲಿ ಎಳೆ ಎಳೆಯಾಗಿ ಇಳಿಯುವ ನೀರಿಗೆ ಆ ನುಣುಪು ಒಪ್ಪೀತು. ಆದರೆ ಬೇಸಿಗೆಯಲ್ಲಿ ಟ್ರೈಪಾಡ್ ಹೊತ್ತು ಯಾರೂ ಬರುವುದಿಲ್ಲ.

ಇದನ್ನೂ ಕಲಿಸಬೇಕು ಎಂದರೆ ಕೂಡಲೇ ಬರುವ ಉತ್ತರ ಗೊತ್ತಿದೆ. ‘ತೇಜಸ್ವಿ ಯಾವ ಫೋಟೊಗ್ರಫಿ ಶಾಲೆಗೆ ಹೋಗಿದ್ರು ಮಾರಾಯ್ರೆ?’ ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೊ ತೆಗೆದರು, ಚಿತ್ರ ಬರೆದರು, ಕಂಪ್ಯೂಟರಿಗೆ ಕನ್ನಡ ಕಲಿಸಲು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜೊತೆ ದುಡಿದರು, ಎಲ್ಲ ನಿಜ. ಆದರೆ ಅವರು ಬೆಳೆದದ್ದು ಕುವೆಂಪು ಮನೆಯಲ್ಲಿ, ಓದಿದ್ದು ಮೈಸೂರಿನಲ್ಲಿ. ಅವರ ಕಾಲದ ರೀಲಿನಲ್ಲಿ ಇದ್ದದ್ದು 36 ಫೋಟೊ. ಕ್ಲಿಕ್ ಮಾಡಿದ ಪ್ರತಿಯೊಂದಕ್ಕೂ ದುಡ್ಡು ಕೊಡಬೇಕಿತ್ತು. ಹಾಗಾಗಿ ಮೊದಲು ಹಕ್ಕಿಯನ್ನು ನೋಡಬೇಕು, ಅದು ಎಲ್ಲಿ ಕೂರುತ್ತದೆ, ಯಾವಾಗ ಮರಿಗೆ ಗುಟುಕು ತರುತ್ತದೆ ಎಂದು ತಿಳಿಯಬೇಕು, ಆಮೇಲೆ ಕ್ಯಾಮೆರಾ. ಆ ಶಿಸ್ತನ್ನು ದುಬಾರಿ ರೀಲು ಬಿಟ್ಟಿಯಾಗಿ ಕಲಿಸುತ್ತಿತ್ತು. ನಮ್ಮ ಹುಡುಗರ ಫೋನು ಅದನ್ನು ಕಲಿಸುವುದಿಲ್ಲ, ಆದ್ದರಿಂದ ಯಾರಾದರೂ ಮನುಷ್ಯರೇ ಕಲಿಸಬೇಕು.

ಕಲಿಸುವ ಪರಂಪರೆ ನಮಗೆ ಇಲ್ಲದ್ದೇನಲ್ಲ. ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಸರ್ಕಾರಿ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ. 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಅವರು ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದ ಒಳಗೆ ತಿರುಗಿಸಿ ಕತ್ತಲಲ್ಲಿ ಬೆಳಕಿನ ಕೋಲು ನಿಲ್ಲಿಸಿದ್ದು ಈಗಲೂ ಪಾಠವಾಗಿದೆ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಚಿತ್ರ ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಸರ್ಕಾರಿ ಡಿಪ್ಲೊಮಾ ಓದಿದವರೇ ಇಷ್ಟು ದೂರ ಹೋದರು.

ಬೆಳಕಿನ ಪಾಠಕ್ಕೆ ಕನ್ನಡಿಯೂ ಬೇಡ, ಶೃಂಗೇರಿಯ ವಿದ್ಯಾಶಂಕರ ದೇವಾಲಯ ಸಾಕು. ಅಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ಕಂಬಗಳು. ಆಯಾ ತಿಂಗಳು ಆಯಾ ರಾಶಿಯ ಕಂಬದ ಮೇಲೆ ಸೂರ್ಯನ ಕಿರಣ ಬೀಳುತ್ತದೆಂಬುದು ಪ್ರತೀತಿ. ಪ್ರವಾಸಿಗಳಿಗೆ ಗೈಡುಗಳು ಇದನ್ನು ಹೇಳಿ ಮುಗಿಸುತ್ತಾರೆ. ಒಂಬತ್ತನೇ ಕ್ಲಾಸಿನ ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಟ್ಟು, ತಿಂಗಳಿಗೊಂದು ಬೆಳಗ್ಗೆ ಹೋಗಿ ಬಿಸಿಲು ಎಲ್ಲಿಂದ ಒಳಬಂತು, ನೆರಳು ಎಷ್ಟು ಸರಿಯಿತು ಎಂದು ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬರಲು ಹೇಳಿದರೆ ಅದು ವರ್ಷವಿಡೀ ನಡೆಯುವ ಫೋಟೊಗ್ರಫಿ ಕೋರ್ಸು. ಪ್ರತೀತಿ ಎಷ್ಟು ನಿಜ ಎಂದೂ ಅವರೇ ನೋಡಿಕೊಳ್ಳಲಿ.

ಅಡಿಕೆ ತೋಟದ ಸಂಗತಿ ಇದಕ್ಕಿಂತ ತುರ್ತಿನದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ತೋಟ ತಿನ್ನುತ್ತಿದೆ. ಅದು ಸಾಲದೆಂದು ಈಚೆಗೆ ಎಲೆಚುಕ್ಕಿ. ಬೆಳೆಗಾರರು ಸೋಗೆಯ ಫೋಟೊ ತೆಗೆದು ತೋಟಗಾರಿಕೆಯವರಿಗೋ ತಿಳಿದವರಿಗೋ ವಾಟ್ಸ್ಆ್ಯಪ್ ಮಾಡುತ್ತಾರೆ. ನಾನು ನೋಡಿದ ಇಂಥ ಫೋಟೊಗಳಲ್ಲಿ ಮುಕ್ಕಾಲು ಪಾಲು ಪ್ರಯೋಜನಕ್ಕೆ ಬಾರದವು. ಗಾಳಿಗೆ ಅಲ್ಲಾಡುವ ಎಲೆ ಮಸುಕು, ಹಿಂದಿನ ಆಕಾಶ ಬೆಳ್ಳಗೆ, ಎಲೆ ಕಪ್ಪಗೆ. ‘ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಕಳ್ಸಿ’ ಎಂಬ ಉತ್ತರ. ಅಷ್ಟರಲ್ಲಿ ಮಳೆ.

ಇಲ್ಲಿ ಬೇಕಾದ ವಿದ್ಯೆ ಇಷ್ಟೇ. ಸೋಗೆಯನ್ನು ನೆರಳಿಗೆ ತಂದು ಬಿಳಿ ಪಂಚೆಯ ಮೇಲೆ ಹಾಸಿ. ಚುಕ್ಕಿಯ ಪಕ್ಕ ಒಂದು ರೂಪಾಯಿ ನಾಣ್ಯ ಇಡಿ, ಚುಕ್ಕಿಯ ಅಳತೆ ತಿಳಿಯುತ್ತದೆ. ಫೋನಿನ ಪರದೆಯ ಮೇಲೆ ಚುಕ್ಕಿ ಇರುವಲ್ಲೇ ಬೆರಳಿಟ್ಟು ಫೋಕಸ್ ಮಾಡಿ. ಕಂದು ಚುಕ್ಕಿಯ ಸುತ್ತಲಿನ ಹಳದಿ ಬಳೆ ಕಾಣಬೇಕು. ಆಮೇಲೆ ದೂರ ನಿಂತು ಇಡೀ ಮರದ್ದೊಂದು. ಹಳದಿ ಕೆಳಗಿನ ಸೋಗೆಗಳ ತುದಿಯಿಂದ ಬಂದಿದೆಯೋ, ಸುಳಿಯವರೆಗೂ ಹೋಗಿದೆಯೋ ಅದರಿಂದ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಫೋನಿನ ಬಣ್ಣದ ಫಿಲ್ಟರ್ ಮುಟ್ಟಬೇಡಿ. ಸಿರಿಮನೆಯ ಕಾಡನ್ನು ಕಣ್ಣು ಕುಕ್ಕುವಷ್ಟು ಹಸಿರು ಮಾಡುವ ಆ ಫಿಲ್ಟರ್ ಇದೆಯಲ್ಲ, ಅದು ಮೊದಲು ನುಂಗುವುದೇ ಎಲೆಯ ಹಳದಿಯನ್ನು. ಮಲೆನಾಡಿನ ಫೋಟೊಗಳಲ್ಲಿ ರೋಗದ ತೋಟ ಕಾಣದಿರುವುದಕ್ಕೆ ಯಾರೂ ಅತ್ತ ಕ್ಯಾಮೆರಾ ತಿರುಗಿಸದಿರುವುದು ಒಂದು ಕಾರಣ. ತಿರುಗಿಸಿದರೂ ಫೋನು ಅದನ್ನು ಹಸಿರು ಮಾಡಿಕೊಡುವುದು ಇನ್ನೊಂದು. ಎಐಗೆ ಮಲೆನಾಡಿನ ಚಿತ್ರ ಬರೆದುಕೊಡು ಎಂದರೂ ಬರುವುದು ಆರೋಗ್ಯವಂತ ತೋಟವೇ.

ಕಲಿಸುವವರಿಲ್ಲದ ಕಷ್ಟ ಫೋಟೊಗಷ್ಟೇ ಅಲ್ಲ, ಡಿಸೈನಿಗೂ ಇದೆ. ನಮ್ಮೂರಿನ ನಿಜವಾದ ಡಿಸೈನರ್ ಫ್ಲೆಕ್ಸ್ ಅಂಗಡಿಯ ಹುಡುಗ. ಜಾತ್ರೆಯ ಬ್ಯಾನರು, ಸೊಸೈಟಿ ಚುನಾವಣೆಯ ಕರಪತ್ರ, ಹೋಮ್‌ಸ್ಟೇ ಬೋರ್ಡು, ಶ್ರದ್ಧಾಂಜಲಿ, ಮದುವೆ ಆಲ್ಬಂ ಎಲ್ಲ ಅವನದೇ. ಯಾರೂ ಅವನನ್ನು ಕಲಾವಿದ ಎನ್ನುವುದಿಲ್ಲ, ಅರ್ಧ ಗಂಟೆಯಲ್ಲಿ ಕೊಡು ಎನ್ನುತ್ತಾರೆ. ಅವನ ಕಷ್ಟ ಏನೆಂದು ಪಕ್ಕದಲ್ಲಿ ಕೂತು ನೋಡಬೇಕು. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಯೂನಿಕೋಡ್ ಕನ್ನಡವನ್ನು ಅವನ ಹಳೆಯ ಫೋಟೊಶಾಪಿಗೆ ಹಾಕಿದ ತಕ್ಷಣ ಒತ್ತಕ್ಷರ ಕಳಚಿಕೊಂಡು ‘ಕೊಪ್ಪ’ ಹೋಗಿ ‘ಕೊಪ್‌ಪ’ ಆಗುತ್ತದೆ, ‘ಕಿಗ್ಗ’ ಹೋಗಿ ‘ಕಿಗ್‌ಗ’. ಆಗ ಅವನು ಎಲ್ಲವನ್ನೂ ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಮತ್ತೆ ಟೈಪು ಮಾಡುತ್ತಾನೆ, ಟೈಪು ಮಾಡುವಾಗ ಹೊಸ ತಪ್ಪು ನುಸುಳುತ್ತದೆ, ಬೀದಿಯಲ್ಲಿ ನಿಂತ ನಾವು ‘ಕನ್ನಡ ಬರಲ್ಲ ಇವರಿಗೆ’ ಎಂದು ಆಡಿಕೊಳ್ಳುತ್ತೇವೆ. ಫೋಟೊಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಒಂದು ಆಯ್ಕೆಯಿದೆ. ಅದನ್ನು ಒತ್ತಿದರೆ ಒತ್ತು ತನ್ನ ಜಾಗಕ್ಕೆ ಬರುತ್ತದೆ. ಇಂಕ್‌ಸ್ಕೇಪ್, ಜಿಂಪ್‌ನಂಥ ಉಚಿತ ತಂತ್ರಾಂಶಗಳಲ್ಲಿ ಈ ರಗಳೆಯೇ ಇಲ್ಲ. ಬಾಲೂ ತಮ್ಮ, ನೋಟೊ, ಅನೇಕ್ ಮುಂತಾದ ಒಳ್ಳೆಯ ಕನ್ನಡ ಫಾಂಟುಗಳೂ ಉಚಿತ. ಇದನ್ನು ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು. ಆ ಒಂದು ಮಧ್ಯಾಹ್ನವನ್ನು ಆ ಹುಡುಗನಿಗೆ ಯಾರೂ ಕೊಟ್ಟಿಲ್ಲ.

ಮೈಸೂರಿನಲ್ಲಿ ಕಲಾ ಕಾಲೇಜು ಕಾವಾ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ, ಕಲಿಯಬೇಕೆನ್ನುವವರು ಅಲ್ಲಿಗೆ ಹೋಗಲಿ ಎನ್ನಬಹುದು. ಹೋಗಬೇಕೆಂದು ಮಗುವಿಗೆ ಅನ್ನಿಸುವುದಾದರೂ ಎಲ್ಲಿಂದ? ರಾಜ್ಯದ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ, ಅಥವಾ ಹುದ್ದೆಯೇ ಇಲ್ಲ. ಡ್ರಾಯಿಂಗ್ ಪೀರಿಯಡ್ ಎಂದರೆ ಗಣಿತದ ಮೇಷ್ಟ್ರು ಭಾಗ ಮುಗಿಸಿಕೊಳ್ಳುವ ಪೀರಿಯಡ್. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿವೆ ಎಂಬುದೇ ಅನೇಕ ಪೋಷಕರಿಗೆ ತಿಳಿಯದು. ಇತ್ತ ಐಐಟಿ ಬಾಂಬೆ ನಡೆಸುವ ಡಿಸೈನ್ ಪ್ರವೇಶ ಪರೀಕ್ಷೆ ಯೂಸೀಡ್‌ನಲ್ಲಿ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಮಾತ್ರ, ಜೊತೆಗೆ ಕೈಯಲ್ಲೇ ಬಿಡಿಸಬೇಕಾದ ಚಿತ್ರವೂ ಇದೆ. ಪೆನ್ಸಿಲು ಹಿಡಿಸದೆ ಹತ್ತು ವರ್ಷ ಓದಿಸಿ, ಹದಿನೆಂಟಕ್ಕೆ ಚಿತ್ರ ಬಿಡಿಸು ಎನ್ನುವುದು ಅನ್ಯಾಯ. ಟ್ಯಾಬ್ ಕೊಡಿಸಿದರೂ ಈ ಅನ್ಯಾಯ ಸರಿಹೋಗುವುದಿಲ್ಲ.

ಹೊಸ ಸಂಸ್ಥೆ, ಹೊಸ ಕಟ್ಟಡ ಯಾವುದೂ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವ ಕಡೆ ಒಂದಕ್ಕೆ ಇಂಕ್‌ಸ್ಕೇಪ್, ಚಿತ್ರ ಬಿಡಿಸುವ ಕ್ರಿಟಾ ಹಾಕಿಸುವುದಕ್ಕೆ ಖರ್ಚಿಲ್ಲ. ಪಂಚಾಯಿತಿ ಸದಸ್ಯರು ಮುಂದಿನ ಸಭೆಯಲ್ಲಿ ಇದನ್ನು ಕೇಳಲಿ. ಶಾಲೆಗಳ ಎಸ್‌ಡಿಎಂಸಿಯವರು ಚಿತ್ರಕಲಾ ಶಿಕ್ಷಕರ ಹುದ್ದೆಗಾಗಿ ಬಿಇಒ ಕಚೇರಿಗೆ ಲಿಖಿತ ಮನವಿ ಕೊಡಲಿ, ಬಾಯಿಮಾತಿನಲ್ಲಿ ಬೇಡ. ಊರಿನ ಸ್ಟುಡಿಯೊದವರು ಮಳೆಗಾಲದಲ್ಲಿ ಹೇಗೂ ಮದುವೆ ಸೀಜನ್ ಇಲ್ಲದೆ, ಲೆನ್ಸಿಗೆ ಬೂಷ್ಟು ಹಿಡಿಯದಂತೆ ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿರುತ್ತಾರೆ. ತಿಂಗಳಿಗೊಂದು ಭಾನುವಾರ ಹತ್ತು ಮಕ್ಕಳನ್ನು ಕೂರಿಸಿಕೊಂಡು ಅವರ ಫೋನಿನ ಫೋಟೊ ನೋಡಿ, ಇದು ಯಾಕೆ ಸರಿಯಿಲ್ಲ ಎಂದು ಮುಖದ ಮೇಲೆ ಹೇಳಿದರೂ ಸಾಕು. ಈ ಅಂಕಣ ಓದುವ ಸ್ಟುಡಿಯೊ ಮಾಲೀಕರು ಯಾರಾದರೂ ಇದ್ದರೆ, ಈ ಆಷಾಢದಿಂದಲೇ ಶುರು ಮಾಡಿ.