ಕುಂಡದ ಗಿಡಕ್ಕೂ ಒಂದಿಷ್ಟು ಉಪವಾಸ

ಮನೆಯೊಳಗಿನ ಕುಂಡದ ಗಿಡ ಯಾಕೆ ಸಾಯುತ್ತದೆ ಅಂತ ಕೇಳಿದರೆ ನೀವೇನು ಹೇಳುತ್ತೀರಿ? “ಗೊಬ್ಬರ ಹಾಕಿರಲ್ಲ, ಯಾರೂ ನೋಡ್ಕೊಂಡಿರಲ್ಲ” ಅಂತೀರಿ ತಾನೆ? ಈ ಅಂಕಣಕ್ಕೆ ಬರುವ ಕಾಗದಗಳನ್ನು ಓದಿದರೆ ಸಂಗತಿ ತಿರುಗುಮುರುಗಾಗಿ ಕಾಣುತ್ತದೆ. ನಮ್ಮ ಓದುಗರ ಮನೆಗಳಲ್ಲಿ ಹಸಿದು ಸತ್ತ ಗಿಡಗಳು ಕಡಿಮೆ. ಉಂಡು ಉಂಡು ಸತ್ತವೇ ಹೆಚ್ಚು.

ಈ ಸಲ ಬಂದ ಕಾಗದಗಳಲ್ಲಿ ಒಂದು ಜ್ಞಾನಭಾರತಿ ಕಡೆಯ ಸೋದರಿಯದು. ಮಗಳು ಹೊರದೇಶಕ್ಕೆ ಓದಲು ಹೊರಡುವ ಮುಂಚೆ ಒಂದು ಅರೇಕಾ ಪಾಮ್, ಒಂದು ಪೀಸ್ ಲಿಲಿ ತಂದು ನೆಟ್ಟುಕೊಟ್ಟು ಹೋದಳಂತೆ. ಅಮ್ಮನ ಪ್ರೀತಿಗೆ ಕೇಳಬೇಕೆ? ಪ್ರತಿ ಶುಕ್ರವಾರ ಪೂಜೆ ಮುಗಿದ ಮೇಲೆ ಗಿಡಗಳಿಗೂ ನೈವೇದ್ಯ. ಒಂದು ವಾರ ಸಗಣಿ ನೀರು, ಒಂದು ವಾರ ಚಮಚ ಡಿಎಪಿ, ನಡುನಡುವೆ ಮೊಟ್ಟೆ ಸಿಪ್ಪೆ, ಟೀ ಚರಟ, ಅಕ್ಕಿ ತೊಳೆದ ನೀರು. ಈಗ ಎಲೆಗಳ ತುದಿ ಸುಟ್ಟಂತೆ ಕಂದಾಗಿದೆ. ಮಣ್ಣಿನ ಮೇಲೆ ಬಿಳೀ ಪುಡಿ ಕಟ್ಟಿದೆ. “ವಿಡಿಯೋ ಕರೆ ಮಾಡಿದಾಗಲೆಲ್ಲ ‘ಮೊದಲು ಗಿಡ ತೋರಿಸಮ್ಮಾ’ ಅಂತಾಳೆ. ಆ ಮೂಲೆಗೆ ಫೋನ್ ತಿರುಗಿಸೋಕೇ ನನಗೆ ಭಯ. ಇನ್ನೇನು ಗೊಬ್ಬರ ಹಾಕಲಿ ಹೇಳಿ” ಅಂತ ಬರೆದಿದ್ದಾರೆ.

ಅಮ್ಮಾ, ಇನ್ನೇನೂ ಹಾಕಬೇಡಿ. ಮೊದಲು ನಿಲ್ಲಿಸಿ.

ಉಪ್ಪಿನಕಾಯಿ ಹಾಕುವಾಗ ಮಾವಿನಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮಾರನೆಯ ದಿನ ಏನಾಗಿರುತ್ತದೆ? ಹೋಳು ಸುಕ್ಕಾಗಿ, ಜಾಡಿಯ ತುಂಬ ನೀರು ಬಿಟ್ಟಿರುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಂಡಿತು, ಅಷ್ಟೆ. ರಾಸಾಯನಿಕ ಗೊಬ್ಬರಗಳೂ ಒಂದು ಬಗೆಯ ಉಪ್ಪುಗಳೇ. ಕುಂಡದಲ್ಲಿ ಅವು ಅಳತೆ ಮೀರಿ ಸೇರಿಕೊಂಡರೆ ಬೇರು ಮಾವಿನಹೋಳಿನ ಸ್ಥಿತಿಗೇ ಬರುತ್ತದೆ. ಮಣ್ಣಿನಲ್ಲಿ ತೇವ ಇದ್ದರೂ ಗಿಡಕ್ಕೆ ಕುಡಿಯಲಾಗದು. ನೀರು ತಲುಪಲು ಕಷ್ಟವಾಗುವ ಎಲೆಯ ತುದಿ ಮೊದಲು ಸುಡುತ್ತದೆ. ನಾವು ಅದನ್ನು ಹಸಿವು ಅಂದುಕೊಂಡು ಇನ್ನೊಂದು ಚಮಚ ಹಾಕುತ್ತೇವೆ!

ಜ್ಞಾನಭಾರತಿಯವರಿಗೆ ಇದನ್ನು ವಿವರಿಸುವುದು ಸುಲಭ. ಬೆಂಗಳೂರು ವಿಶ್ವವಿದ್ಯಾನಿಲಯ 1973ರಲ್ಲಿ ಅಲ್ಲಿಗೆ ಬಂದಿತಷ್ಟೆ. ಸಾವಿರ ಎಕರೆಗೂ ಮೀರಿದ ಆವರಣದಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೋಗುವವರು ನೋಡಿಯೇ ಇರುತ್ತೀರಿ. ಅಲ್ಲಿನ ಮರಗಳಿಗೆ ಶುಕ್ರವಾರ ಶುಕ್ರವಾರ ಯಾರು ಗೊಬ್ಬರ ಹಾಕುತ್ತಾರೆ? ಎಲೆ ಉದುರುತ್ತದೆ, ಕೊಳೆಯುತ್ತದೆ, ಮತ್ತೆ ಬೇರಿಗೇ ಸೇರುತ್ತದೆ. ಮಳೆ ಬಂದರೆ ಹೆಚ್ಚಿನ ಉಪ್ಪು ಆಳಕ್ಕೆ ಇಳಿದುಹೋಗುತ್ತದೆ. ಮನೆಯ ಕುಂಡದಲ್ಲಿ ಈ ಎರಡೂ ಇಲ್ಲ. ಉದುರಿದ ಎಲೆಯನ್ನು ನಾವು ಗುಡಿಸಿ ಬಿಸಾಡುತ್ತೇವೆ, ಆದ್ದರಿಂದ ಸ್ವಲ್ಪ ಗೊಬ್ಬರ ಬೇಕೇ ಬೇಕು. ಮಳೆ ಬೀಳುವುದಿಲ್ಲ, ಆದ್ದರಿಂದ ಹೆಚ್ಚಾಗಿ ಹಾಕಿದ್ದು ಅಲ್ಲೇ ಕೂತಿರುತ್ತದೆ.

ಎಷ್ಟು ಸ್ವಲ್ಪ? ಅದನ್ನು ನಿರ್ಧರಿಸುವುದು ನಿಮ್ಮ ಕಿಟಕಿ. ಗಿಡ ತನ್ನ ಊಟವನ್ನು ತಾನೇ ಅಡಿಗೆ ಮಾಡಿಕೊಳ್ಳುತ್ತದೆ. ಬೆಳಕೇ ಒಲೆ, ಗೊಬ್ಬರ ಬರೀ ಉಪ್ಪು ಹುಳಿ ಖಾರ. ಒಲೆಯೇ ಹೊತ್ತಿಲ್ಲದಾಗ ಸಾರಿಗೆ ಉಪ್ಪು ಸುರಿದು ಏನು ಪ್ರಯೋಜನ? ಮೂವತ್ತು ನಲವತ್ತರ ಸೈಟಿನ ಮನೆಗಳಲ್ಲಿ ಪಕ್ಕದ ಕಿಟಕಿ ತೆರೆದರೆ ಕಾಣುವುದು ಎದುರುಮನೆಯ ಗೋಡೆ. ಅಂಥ ಕೋಣೆಯ ಗಿಡ ತಿಂಗಳಿಗೆ ಒಂದು ಎಲೆ ಬಿಟ್ಟರೆ ಹೆಚ್ಚು. ಅದೇ ಗಿಡ ಪೂರ್ವದ ಬಾಲ್ಕನಿಯ ಪಕ್ಕದಲ್ಲಿದ್ದರೆ ಮೂರು ಎಲೆ ಬಿಟ್ಟೀತು. ಹಗಲು ಹನ್ನೆರಡು ಗಂಟೆಗೆ, ದೀಪ ಹಾಕದೆ, ಗಿಡದ ಪಕ್ಕ ಕೂತು ಈ ಪತ್ರಿಕೆಯನ್ನು ಸಲೀಸಾಗಿ ಓದಲು ಆಗುತ್ತದೆಯೇ ನೋಡಿ. ಆಗದಿದ್ದರೆ ಗೊಬ್ಬರದ ಮಾತು ಬಿಟ್ಟು ಗಿಡವನ್ನು ಕಿಟಕಿಯ ಹತ್ತಿರ ಸರಿಸಿ.

ಇನ್ನು ವೇಳಾಪಟ್ಟಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೆ ಗೊಬ್ಬರ ಪೂರ್ತಿ ನಿಲ್ಲಿಸಿ ಅಂತ ಇರುತ್ತದೆ. ಅದು ಅವರ ಊರಿನ ಲೆಕ್ಕ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ನಮ್ಮ ಬೆಂಗಳೂರಿನಲ್ಲಿ ಆಗಲೂ ಹನ್ನೊಂದು ಗಂಟೆಗೆ ಮೇಲೆ ಹಗಲಿರುತ್ತದೆ. ನಮ್ಮ ಗಿಡಗಳಿಗೆ ಗಾಢನಿದ್ದೆ ಇಲ್ಲ, ಬರೀ ತೂಕಡಿಕೆ. ಹೀಗಾಗಿ ನಮ್ಮ ಹಬ್ಬಗಳ ಲೆಕ್ಕವೇ ಅನುಕೂಲ. ಯುಗಾದಿಯ ಹೊತ್ತಿಗೆ ಹೊಸ ಚಿಗುರು ಕಾಣಿಸಿಕೊಳ್ಳುತ್ತದೆ, ಆಗ ಶುರು ಮಾಡಿ. ಒಳ್ಳೆಯ ಬೆಳಕಿನಲ್ಲಿರುವ ಗಿಡಗಳಿಗೆ ತಿಂಗಳಿಗೆ ಎರಡು ಸಲ, ಮಂದ ಬೆಳಕಿನವಕ್ಕೆ ಒಂದೇ ಸಲ. ಆಷಾಢ ಶ್ರಾವಣದ ಮೋಡ ಮುಚ್ಚಿದ ದಿನಗಳಲ್ಲಿ ಎಲ್ಲಕ್ಕೂ ಒಂದೇ ಸಲ ಸಾಕು. ದಸರೆಯಿಂದ ದೀಪಾವಳಿಯವರೆಗೆ ಮತ್ತೆ ಮೊದಲಿನಂತೆ. ದೀಪಾವಳಿ ಕಳೆದು ರಾತ್ರಿಯ ಚಳಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುವಾಗ ನಿಲ್ಲಿಸಿ, ಸಂಕ್ರಾಂತಿ ದಾಟುವವರೆಗೆ ಬರೀ ನೀರು. ಆಮೇಲೆ ಗಿಡ ಚಿಗುರುವುದನ್ನು ಕಾಯಿರಿ. ಸ್ನೇಕ್ ಪ್ಲಾಂಟ್, ಜೀಜೀ ಗಿಡಗಳಿಗೆ ಈ ಯಾವ ಪಟ್ಟಿಯೂ ಬೇಡ; ವರ್ಷಕ್ಕೆ ಎರಡು ಮೂರು ಸಲ ಕೊಟ್ಟರೆ ಬೇಕಾದಷ್ಟಾಯಿತು.

ಕೊಡುವುದಾದರೂ ಏನನ್ನು? ಸಾರಜನಕ ಎಲೆಗೆ, ರಂಜಕ ಬೇರಿಗೆ ಮತ್ತು ಹೂವಿಗೆ, ಪೊಟ್ಯಾಷ್ ಗಿಡದ ಗಟ್ಟಿತನಕ್ಕೆ ಅಂತ ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಒಳಾಂಗಣದ ಗಿಡಗಳನ್ನು ನಾವು ಬೆಳೆಸುವುದೇ ಎಲೆಯ ಚೆಲುವಿಗೆ. ಡಿಎಪಿಯಲ್ಲಿ ನೂರಕ್ಕೆ 18 ಪಾಲು ಸಾರಜನಕ, 46 ಪಾಲು ರಂಜಕ. ಪೊಟ್ಯಾಷ್ ಇಲ್ಲವೇ ಇಲ್ಲ. ಅದು ಹೊಲಕ್ಕೆ ಸರಿ, ಹಜಾರದ ಪಾಮ್ ಗಿಡಕ್ಕಲ್ಲ. ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ 19:19:19 ಅಂಗಡಿಗಳಲ್ಲಿ ಸಿಗುತ್ತದೆ. ಹತ್ತು ಲೀಟರಿನ ಬಕೆಟ್ಟಿಗೆ ಒಂದು ಟೀ ಚಮಚ, ಗೋಪುರ ಮಾಡದೆ ಮಟ್ಟಸವಾಗಿ. ಅಂದರೆ ಲೀಟರಿಗೆ ಸುಮಾರು ಅರ್ಧ ಗ್ರಾಂ. ಪೊಟ್ಟಣದ ಮೇಲೆ ಇದಕ್ಕಿಂತ ಹೆಚ್ಚು ಬರೆದಿದ್ದರೆ ಅದು ಬಿಸಿಲಿನಲ್ಲಿ ಬೆಳೆಯುವ ಬೆಳೆಗೆ ಹೇಳಿದ ಮಾತು. ಮಣ್ಣು ಒಣಗಿ ಬಿರಿದಿರುವಾಗ ಹಾಕಬೇಡಿ, ಮೊದಲು ಬರೀ ನೀರು, ಆಮೇಲೆ ಗೊಬ್ಬರದ ನೀರು. ಬಕೆಟ್ಟಿನಲ್ಲಿ ಉಳಿದಿದ್ದನ್ನು ಹೊರಗಿನ ದಾಸವಾಳಕ್ಕೋ ಕರಿಬೇವಿಗೋ ಸುರಿದರಾಯಿತು.

ಪುಡಿ ಬೇಡ, ಸಾವಯವವೇ ಇರಲಿ ಅನ್ನುವವರಿಗೆ ಎರೆಗೊಬ್ಬರಕ್ಕಿಂತ ಒಳ್ಳೆಯದಿಲ್ಲ. ಆರು ಅಂಗುಲದ ಕುಂಡಕ್ಕೆ ಎರಡು ದೊಡ್ಡ ಚಮಚ, ಎರಡು ತಿಂಗಳಿಗೊಮ್ಮೆ, ಮೇಲುಮಣ್ಣಿನಲ್ಲಿ ಬೆರೆಸಿ. ವಾಸನೆಯಿಲ್ಲ, ಬೇರು ಸುಡುವ ಭಯವೂ ಕಡಿಮೆ. ಕಡಲೆಕಾಯಿ ಹಿಂಡಿ, ಹೊಂಗೆ ಹಿಂಡಿಗಳು ತೋಟಕ್ಕೆ ಬಂಗಾರ, ಒಪ್ಪಿದೆ. ಆದರೆ ಮನೆಯೊಳಗೆ ನಾರುತ್ತವೆ, ಇರುವೆ ಇಲಿಗಳನ್ನು ಕರೆಯುತ್ತವೆ.

ಅಡಿಗೆಮನೆಯ ಗೊಬ್ಬರಗಳ ಬಗ್ಗೆ ಒಂದು ಮಾತು ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಮೊಟ್ಟೆ ಸಿಪ್ಪೆ ಬರೀ ಸುಣ್ಣ. ಕುಂಡದಲ್ಲಿ ಅದು ಕರಗಲು ವರ್ಷಗಳೇ ಬೇಕು. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಬೇಕಾದಷ್ಟು ಇದ್ದೇ ಇದೆ. ಅಕ್ಕಿ ತೊಳೆದ ನೀರಿನ ಗಂಜಿಯಂಶಕ್ಕೆ ಬೂಷ್ಟು ಬರುತ್ತದೆ, ಹಸಿ ಮಣ್ಣಿನಲ್ಲಿ ಸಣ್ಣ ಕಪ್ಪು ನೊಣಗಳು ಎದ್ದು ಮೂಗಿನ ಮುಂದೆ ಹಾರಾಡುತ್ತವೆ. ಹಾಲು ಸಕ್ಕರೆ ಬೆರೆತ ಟೀ ಚರಟ ಇರುವೆಗಳಿಗೆ ಔತಣ. ಇವೆಲ್ಲ ಕೆಟ್ಟವೆಂದಲ್ಲ. ತಾರಸಿಯ ಮೇಲಿನ ಕಾಂಪೋಸ್ಟ್ ಡಬ್ಬಿಗೆ ಹಾಕಿ, ಅಲ್ಲಿ ಕೊಳೆತು ಮಣ್ಣಾದ ಮೇಲೆ ಬರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಪಶ್ಚಿಮ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಇನ್ನೊಂದು ದಿನ ಟ್ಯಾಂಕರ್ ಎನ್ನುವ ಮನೆಗಳು ಬಹಳ. ಗಡಸು ನೀರಿನಲ್ಲೇ ಲವಣವಿರುತ್ತದೆ. ನೀವು ಒಂದು ಚಿಟಿಕೆ ಗೊಬ್ಬರ ಹಾಕದಿದ್ದರೂ ಕುಂಡದಲ್ಲಿ ಬಿಳೀ ಪುಡಿ ಕಟ್ಟೀತು. ಇದಕ್ಕಿಂತ ಕೆಟ್ಟದ್ದು ಆರ್.ಓ. ಯಂತ್ರದಿಂದ ಹೊರಬೀಳುವ ನೀರು. ಅದನ್ನು ಚೆಲ್ಲಲು ಮನಸ್ಸು ಬಾರದೆ ನಮ್ಮ ಗೃಹಿಣಿಯರು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಾರೆ. ಮಿತವ್ಯಯ ಮೆಚ್ಚತಕ್ಕದ್ದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಕೂಡಿಕೊಂಡಿರುವುದು ಅದರಲ್ಲೇ ಅಲ್ಲವೆ? ನೆಲ ಒರೆಸಲು ಬಳಸಿ, ಬಚ್ಚಲಿಗೆ ಬಳಸಿ, ಕುಂಡಕ್ಕೆ ಬೇಡ. ಅಪಾರ್ಟ್‌ಮೆಂಟುಗಳಲ್ಲಿ ಉಪ್ಪು ಹಾಕಿ ನೀರನ್ನು ಮೆದುಮಾಡುವ ಯಂತ್ರವಿದ್ದರೆ ಆ ನೀರೂ ಬೇಡ. ಅದರಲ್ಲಿ ಸುಣ್ಣ ಹೋಗಿ ಸೋಡಿಯಂ ಬಂದಿರುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಗಿಡಗಳಿಗೆ ಅದೇ ಗಂಗಾಜಲ.

ಹಳದಿ ಎಲೆ ಕಂಡ ಕೂಡಲೆ ಗೊಬ್ಬರದ ಡಬ್ಬಿಗೆ ಕೈಹಾಕುವ ಮುಂಚೆ ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ. ಮಣ್ಣು ಯಾವಾಗಲೂ ತೊಯ್ದೇ ಇದ್ದರೆ ಅದು ನೀರು ಹೆಚ್ಚಾದ ಹಳದಿ. ತೇವ ಸರಿಯಾಗಿದ್ದು, ಕೆಳಗಿನ ಹಳೇ ಎಲೆಗಳು ಇಡಿಯಾಗಿ ಬಿಳಿಚಿಕೊಂಡರೆ ಸಾರಜನಕ ಸಾಲದು. ಹಳೇ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಕಡಿಮೆ. ಎಪ್ಸಮ್ ಸಾಲ್ಟನ್ನು ಲೀಟರಿಗೆ ಕಾಲು ಟೀ ಚಮಚ ಕರಗಿಸಿ ತಿಂಗಳಿಗೊಮ್ಮೆ ಹಾಕಬಹುದು. ಅದೇ ಲಕ್ಷಣ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಹೀಗಾಗುವುದುಂಟು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರದ ನೀರು ಅದನ್ನು ಬೀಗ ಹಾಕಿಟ್ಟಿರುತ್ತದೆ. ಇದಕ್ಕೆ ಗೊಬ್ಬರ ಹೆಚ್ಚಿಸಿದರೆ ಫಲವಿಲ್ಲ, ನೀರು ಬದಲಾಯಿಸಬೇಕು.

ನರ್ಸರಿಯಿಂದ ಹೊಸದಾಗಿ ತಂದ ಗಿಡಕ್ಕೆ ಎರಡು ತಿಂಗಳು ಏನೂ ಕೊಡಬೇಡಿ. ಅವರು ಕೊಟ್ಟು ಕಳಿಸಿದ್ದೇ ಉಳಿದಿರುತ್ತದೆ. ಕಾಯಿಲೆ ಗಿಡಕ್ಕಂತೂ ಬೇಡವೇ ಬೇಡ. ಜ್ವರ ಬಂದವರಿಗೆ ಹೋಳಿಗೆ ಊಟ ಹಾಕುತ್ತೇವೆಯೆ?

ಈಗ ಜ್ಞಾನಭಾರತಿಯ ಆ ತಾಯಿಗೆ. ಮೊಟ್ಟೆ ಸಿಪ್ಪೆಯನ್ನೆಲ್ಲ ಆರಿಸಿ, ಬಿಳೀ ಪುಡಿ ಕಟ್ಟಿದ ಮೇಲುಮಣ್ಣನ್ನು ಅರ್ಧ ಅಂಗುಲದಷ್ಟು ಕೆರೆದು ತೆಗೆಯಿರಿ. ಕುಂಡವನ್ನು ಬಚ್ಚಲಿಗೆ ಒಯ್ದು, ಕುಂಡದ ಎರಡರಷ್ಟು ಅಳತೆಯ ಒಳ್ಳೆಯ ನೀರನ್ನು ನಿಧಾನವಾಗಿ ಹೊಯ್ಯಿರಿ. ಆರು ಅಂಗುಲದ ಕುಂಡಕ್ಕೆ ನಾಲ್ಕೈದು ಲೀಟರ್ ಹಿಡಿಯುತ್ತದೆ. ನೀರು ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗಬೇಕು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ನೀರು ಇಳಿಯದೆ ನಿಂತರೆ, ಮಣ್ಣು ಹುಳಿವಾಸನೆ ಹೊಡೆದರೆ, ಗಿಡವನ್ನು ಮೆಲ್ಲನೆ ಹೊರತೆಗೆದು ಬೇರು ನೋಡಿ. ಬಿಳಿಯಾಗಿ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಕೆಂಪುಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಒಂದೊಂದು ಪಾಲು ಬೆರೆಸಿ, ಒಂದು ಹಿಡಿ ದಪ್ಪ ಮರಳು ಸೇರಿಸಿ ಮತ್ತೆ ನೆಡಿ. ಸುಟ್ಟ ತುದಿಗಳನ್ನು ಕತ್ತರಿಯಿಂದ ಓರೆಯಾಗಿ ತೆಗೆಯಬಹುದು, ಹಸಿರಿಗೆ ತಾಗದ ಹಾಗೆ ಒಂದೆಳೆ ಕಂದು ಬಿಟ್ಟು. ಪಾಮ್ ಗಿಡದ ನಡುವಿನ ಈಟಿಯಂಥ ಸುರುಳಿಯನ್ನು ಮಾತ್ರ ಮುಟ್ಟಬೇಡಿ, ಮುಂದಿನ ಎಲೆಯೆಲ್ಲ ಬರಬೇಕಾದ್ದು ಅಲ್ಲಿಂದಲೇ. ಆಮೇಲೆ ಮೂರು ತಿಂಗಳು ಉಪವಾಸ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ಹೊಸ ಎಲೆ ತುದಿಯವರೆಗೂ ಹಸಿರಾಗಿ ಬಿಚ್ಚಿಕೊಂಡರೆ ಗಿಡ ಬದುಕಿತು ಅಂತ ಲೆಕ್ಕ. ಫೋನನ್ನು ಆ ಎಲೆಯ ಕಡೆಗೇ ಮೊದಲು ತಿರುಗಿಸಿ. ಶುಕ್ರವಾರದ ಕೈ ಸುಮ್ಮನಿರಲ್ಲ ಅನ್ನುವುದಾದರೆ ಒದ್ದೆ ಬಟ್ಟೆಯಿಂದ ಎಲೆಗಳ ಧೂಳು ಒರೆಸಿ. ಮೈಸೂರು ರಸ್ತೆಯ ಧೂಳಿಗೆ ಅದು ಬೇಕಾದ ಸೇವೆಯೇ.

ಕಡೆಯದಾಗಿ ಒಂದು ಎಚ್ಚರಿಕೆ. 19:19:19, ಎಪ್ಸಮ್ ಸಾಲ್ಟ್ ಇವನ್ನೆಲ್ಲ ಖಾಲಿಯಾದ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಹಲವರಿಗಿದೆ. ನೋಡಲು ಉಪ್ಪು ಸಕ್ಕರೆಯ ಹಾಗೇ ಇರುತ್ತವೆ. ಹೆಸರು ಬರೆದು ಅಂಟಿಸಿ, ಅಡಿಗೆಮನೆಯಿಂದ ಆಚೆ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಅಳೆಯುವ ಚಮಚವೂ ಅದರೊಳಗೇ ಇರಲಿ.

ಮುಂದಿನ ಸಂಚಿಕೆಯಲ್ಲಿ ಬಾಟಲಿ ನೀರಿನ ಮನಿಪ್ಲಾಂಟ್ ಬಗ್ಗೆ ಬಂದಿರುವ ಕಾಗದಗಳನ್ನು ನೋಡೋಣ. ಅಲ್ಲಿಯವರೆಗೆ ಅದರ ನೀರನ್ನು ವಾರಕ್ಕೊಮ್ಮೆ ಬದಲಾಯಿಸುತ್ತಿರಿ.