ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಒಂದು ಚತುರ್ಭುಜ ಬರೆಯಿರಿ. ಎಷ್ಟು ಸೊಟ್ಟಗಿದ್ದರೂ ಅಡ್ಡಿಯಿಲ್ಲ. ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜವೊಂದು ಸಿಗುತ್ತದೆ. ಫ್ರಾನ್ಸಿನ ಪಿಯರ್ ವರಿನ್ಯೋನ್ ಹೆಸರಿನ ಈ ಪ್ರಮೇಯ ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1731ರಲ್ಲಿ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದು ಹಳೆಯ ಲೆಕ್ಕ.

ಹಿಂದೆ ಮೇಷ್ಟ್ರು ಬೋರ್ಡಿನ ಮೇಲೆ ಒಂದೇ ಒಂದು ಚಿತ್ರ ಬರೆದು, ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಹಾಕುತ್ತಿದ್ದರು. ಮಕ್ಕಳು ಉರು ಹೊಡೆಯುತ್ತಿದ್ದರು. ಈಗ ಅನೇಕ ಶಾಲೆಗಳಲ್ಲಿ ಜಿಯೋಜೀಬ್ರಾ ಬಂದಿದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ, ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆರಂಭಿಸಿದ ತಂತ್ರಾಂಶ ಇದು, ಶಾಲೆಗಳಿಗೆ ಉಚಿತ. ಶಿಕ್ಷಕರು ಒಂದು ಶೃಂಗವನ್ನು ಹಿಡಿದು ಎಳೆಯುತ್ತಾರೆ. ಚತುರ್ಭುಜ ನೂರು ರೂಪ ತಾಳುತ್ತದೆ, ಮಧ್ಯಬಿಂದುಗಳ ಆಕೃತಿ ಮಾತ್ರ ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ತರಗತಿ ಬೆರಗಾಗುತ್ತದೆ. ‘ನೋಡಿದಿರಲ್ಲ, ಸಾಧನೆಯಾಯಿತು’ ಎಂದು ಮುಂದಿನ ಪಾಠಕ್ಕೆ ಹೋದರೆ ಎಡವಟ್ಟಾಗುವುದು ಅಲ್ಲೇ.

ಪರದೆ ತೋರಿಸುವುದು ಅಳತೆಯನ್ನು. ಹಾಗೇ ಬಿಟ್ಟರೆ ಜಿಯೋಜೀಬ್ರಾ ಎರಡು ದಶಾಂಶ ಸ್ಥಾನಗಳಷ್ಟೇ ತೋರಿಸುತ್ತದೆ, 90.004 ಡಿಗ್ರಿಯ ಕೋನವೂ ಅಲ್ಲಿ 90 ಡಿಗ್ರಿಯೇ. ಅಳತೆ ಕರಾರುವಾಕ್ಕಾಗಿದ್ದರೂ ನೂರು ಚಿತ್ರಗಳು ಎಲ್ಲ ಚಿತ್ರಗಳಾಗುವುದಿಲ್ಲ. ಹಾಗೆಂದು ಕಂಪ್ಯೂಟರನ್ನು ಮೂಲೆಗೆ ತಳ್ಳಿ ಉರು ಹೊಡೆಯುವುದಕ್ಕೆ ಮರಳುವುದೂ ಪರಿಹಾರವಲ್ಲ. ಏಕೆಂದರೆ ಸರಿಯಾಗಿ ಎಳೆದರೆ ಆ ಪರದೆಯೇ ಸಾಧನೆಯ ದಾರಿ ತೋರಿಸುತ್ತದೆ.

ಎಬಿಸಿಡಿ ಚತುರ್ಭುಜದಲ್ಲಿ ಎಸಿ ಕರ್ಣವನ್ನು ಎಳೆದು, ಬಿ ಬಿಂದುವನ್ನು ಮಾತ್ರ ಸರಿಸಿ ನೋಡಬೇಕು. ಎಬಿ, ಬಿಸಿ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಗೆರೆ ಜಾಗ ಬದಲಿಸುತ್ತದೆ. ಅದರ ಉದ್ದವಾಗಲಿ ದಿಕ್ಕಾಗಲಿ ಬದಲಾಗುವುದಿಲ್ಲ. ಎದುರಿನ ಗೆರೆಯಂತೂ ಕದಲುವುದೇ ಇಲ್ಲ. ‘ಬಿ ಎಲ್ಲಿಗೆ ಹೋದರೂ ಈ ಗೆರೆ ಯಾರ ಮಾತು ಕೇಳುತ್ತಿದೆ?’ ಎಂದು ಶಿಕ್ಷಕರು ಕೇಳಿದರೆ ಸಾಕು. ಬಿಯನ್ನು ಸರಿಸಿದಾಗಲೂ ಅಲುಗದೆ ನಿಂತದ್ದು ಎಸಿ ಕರ್ಣ. ಎಬಿಸಿ ತ್ರಿಭುಜದಲ್ಲಿ ಆ ಗೆರೆ ಎಸಿಗೆ ಸಮಾಂತರ, ಉದ್ದ ಎಸಿಯ ಅರ್ಧ. ಅತ್ತ ಎಡಿಸಿ ತ್ರಿಭುಜದಲ್ಲೂ ಹಾಗೆಯೇ. ಒಂದೇ ಕರ್ಣಕ್ಕೆ ಸಮಾಂತರವಾದ, ಒಂದೇ ಉದ್ದದ ಎರಡು ಗೆರೆಗಳು ಎದುರುಬದುರು ನಿಂತರೆ ಇನ್ನೇನು ಬೇಕು? ಇಲ್ಲಿ ‘ರಚನೆ’ ಎಂಬ ತಲೆಬರಹ ಆಕಾಶದಿಂದ ಉದುರಲಿಲ್ಲ. ಕರ್ಣವನ್ನು ಏಕೆ ಎಳೆಯಬೇಕೆಂದು ಮಗುವಿಗೆ ತಾನಾಗಿ ತಿಳಿಯಿತು.

ಜಿಯೋಜೀಬ್ರಾದಲ್ಲಿ ‘ಪ್ರೂವ್’ ಎಂಬ ಆಜ್ಞೆಯೂ ಇದೆ. ಹೇಳಿಕೆ ಕೊಟ್ಟರೆ ಒಳಗೇ ಬೀಜಗಣಿತ ನಡೆಸಿ, ಸಾಧ್ಯವಾದಾಗ, ನಿಜವೋ ಸುಳ್ಳೋ ಹೇಳುತ್ತದೆ. ನಿಜವೆಂಬ ತೀರ್ಪು ಒಂದು ಗುಂಡಿಯಲ್ಲಿ ಸಿಗುವ ಕಾಲದಲ್ಲಿ ‘ಏಕೆ’ ಎಂದು ಕೇಳುವುದೇ ಶಿಕ್ಷಕರ ಕೆಲಸ. ಆ ಪ್ರಶ್ನೆ ಕೇಳದ ಶಿಕ್ಷಕರಿಗಿಂತ ಗುಂಡಿ ಅಗ್ಗ.

ಆದ್ದರಿಂದ ತರಬೇತಿ ಶಿಬಿರಗಳು ಯಾವ ಮೆನುವಿನಲ್ಲಿ ಏನಿದೆ ಎಂದು ಹೇಳಿಕೊಟ್ಟು ಮುಗಿಯಬಾರದು. ಶಿಕ್ಷಕರೇ ಮೊದಲು ಎಳೆದು, ಊಹಿಸಿ, ಸೋತು, ಸಾಧಿಸಬೇಕು. ಬಾಹುಗಳು ಒಂದನ್ನೊಂದು ಕತ್ತರಿಸುವವರೆಗೆ ಚತುರ್ಭುಜವನ್ನು ತಿರುಚಬೇಕು. ಆಗ ಕರ್ಣಗಳೆರಡೂ ಪರಸ್ಪರ ಸಮಾಂತರವಾದ ಗಳಿಗೆಯಲ್ಲಿ ಒಳಗಿನ ಆಕೃತಿ ಚಪ್ಪಟೆಯಾಗಿ ಒಂದು ಗೆರೆಯಾಗಿಬಿಡುತ್ತದೆ. ಅದನ್ನೂ ಸಮಾಂತರ ಚತುರ್ಭುಜ ಎನ್ನಬೇಕೇ? ಪಠ್ಯಪುಸ್ತಕ ಈ ಪ್ರಶ್ನೆ ಎತ್ತುವುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಎತ್ತುತ್ತಾಳೆ. ‘ಅದು ಸಿಲೆಬಸ್‌ನಲ್ಲಿಲ್ಲ’ ಎನ್ನದೆ, ಅವಳ ಜೊತೆ ಕೂತು ವ್ಯಾಖ್ಯೆಯನ್ನು ಮತ್ತೆ ಓದುವ ಶಿಕ್ಷಕಿ ಇದ್ದರೆ ಆ ಶಾಲೆಯಲ್ಲಿ ಗಣಿತ ನಡೆಯುತ್ತಿದೆ ಎಂದರ್ಥ.